ಆರು ವರ್ಷದ ಎಣಿಕೆಯಲ್ಲಿ ಲಿಂಪೆಟ್ ಅರ್ಧಕ್ಕೆ ಇಳಿದಿದೆ. ಇಳಿದದ್ದು ಪ್ರಾಣಿಯೋ, ಎಣಿಸಿದವರ ಕಣ್ಣೋ?

ಕಲ್ಲಪಾಚಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡಿದ್ದವಳು ನಾನು. ಈಗ ತಲೆ ಕೆಟ್ಟು ಬರೆಯುತ್ತಿದ್ದೇನೆ.

ಎಂ.ಎಸ್ಸಿ. ಎರಡನೇ ವರ್ಷ, ಜೀವಶಾಸ್ತ್ರ. ನಮ್ಮಲ್ಲಿ ವಿದ್ಯಾರ್ಥಿಗಳೇ ನಡೆಸಿಕೊಂಡು ಬಂದ ಒಂದು ಕೆಲಸ ಇದೆ. ಕಡಲತೀರದ ಬಂಡೆಗಳ ಮೇಲೆ 12 ಚೌಕ ಗುರುತು ಮಾಡಿದ್ದಾರೆ. ಒಂದೊಂದೂ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ವರ್ಷಕ್ಕೆ ಎರಡು ಸಲ, ನೀರು ಪೂರಾ ಇಳಿದ ಹೊತ್ತಿಗೆ ಹೋಗಿ, ಅದೇ ಚೌಕಗಳಲ್ಲಿ ಯಾವುದು ಎಷ್ಟಿದೆ ಅಂತ ಎಣಿಸಬೇಕು. ಬಾರ್ನಕಲ್ (ಬಂಡೆಗೆ ಅಂಟಿಕೊಂಡೇ ಬದುಕುವ, ಸುತ್ತ ಗಟ್ಟಿ ಗೋಡೆ ಇರುವ ಪುಟ್ಟ ಪ್ರಾಣಿ), ಲಿಂಪೆಟ್, ಮಸ್ಸೆಲ್ ಚಿಪ್ಪು, ಬಸವನಹುಳು, ಪಾಚಿ. ಆರು ವರ್ಷ ಆಯಿತು. ಶುರು ಮಾಡಿದವರೆಲ್ಲ ಪಾಸಾಗಿ ಹೋದರು. ಫೈಲು ಕೈಯಿಂದ ಕೈಗೆ ದಾಟಿ ಈಗ ನನ್ನ ಕೊರಳಿಗೆ ಬಿದ್ದಿದೆ.

ತೊಂದರೆ ಇಷ್ಟು. ಮೊದಲ ಮೂರು ವರ್ಷ ಒಂದು ಚೌಕಕ್ಕೆ ಸರಾಸರಿ 40 ಲಿಂಪೆಟ್. ನಾಲ್ಕನೇ ವರ್ಷ ಏಕ್‌ದಂ 19. ಆಮೇಲೆ ಅಲ್ಲೇ ಆಸುಪಾಸು. ಗ್ರಾಫ್ ನೋಡಿದರೆ ಮೆಟ್ಟಿಲು ಇಳಿದ ಹಾಗಿದೆ. ಹಿರಿಯರೊಬ್ಬರಿಗೆ ತೋರಿಸಿದೆ. "ಸಮುದ್ರ ಬಿಸಿಯಾಗ್ತಿದೆ ಅಲ್ವಾ, ಅದನ್ನೇ ಬರೆ" ಅಂದರು. ಬರೆಯಲು ಕೂತೆ. ಹಳೇ ನೋಟ್‌ಬುಕ್ಕು ತಿರುವುವಾಗ ಕಣ್ಣಿಗೆ ಬಿತ್ತು: ಅದೇ ನಾಲ್ಕನೇ ವರ್ಷ ಎಣಿಸುವವರು ಬದಲಾಗಿದ್ದಾರೆ.

ಇನ್ನೊಂದು. 7ನೇ ಚೌಕದ ನಾಲ್ಕೂ ಬೋಲ್ಟು ನಾಪತ್ತೆ. ಕಳೆದ ಸಲ ನಾವು "ಇಲ್ಲೇ ಎಲ್ಲೋ ಇತ್ತು" ಅಂತ ಅಂದಾಜಿನಲ್ಲಿ ಚೌಕಟ್ಟು ಇಟ್ಟೆವು. ತಪ್ಪು ಅಂತ ಗೊತ್ತು, ಬೈಯಬೇಡಿ.

ಈ ಅಂಕಿಗಳಿಗೆ ಬೆಲೆ ಇದೆಯಾ? ಅಥವಾ ಎಲ್ಲ ಬದಿಗಿಟ್ಟು ಮೊದಲಿನಿಂದ ಶುರು ಮಾಡಲಾ?

ಉಪ್ಪುನೀರು

ಮೊದಲಿನಿಂದ ಶುರು ಮಾಡಿ. ನಾನು ಪಿಎಚ್‌ಡಿಗೆ ಬಂಡೆ ತೀರದಲ್ಲೇ ನಾಲ್ಕು ವರ್ಷ ಮಂಡಿ ಸವೆಸಿದವನು. ವಿದ್ಯಾರ್ಥಿಗಳು ಕಣ್ಣಲ್ಲಿ ಎಣಿಸಿದ ಅಂಕಿ ಮನುಷ್ಯ ಬದಲಾದ ಹಾಗೆ ಬದಲಾಗುತ್ತದೆ. ನಿಮ್ಮ ಮೆಟ್ಟಿಲೇ ಅದಕ್ಕೆ ಸಾಕ್ಷಿ. ಒಳ್ಳೇ ಕ್ಯಾಮೆರಾ ತಗೊಳ್ಳಿ, ಚೌಕಟ್ಟಿಗೆ ನಾಲ್ಕು ಕಾಲಿನ ಸ್ಟ್ಯಾಂಡ್ ಮಾಡಿಸಿ, ಮೇಲಿಂದ ನೇರವಾಗಿ ಫೋಟೋ ತೆಗೆಯಿರಿ. ಲ್ಯಾಬಿಗೆ ಬಂದು ಆರಾಮಾಗಿ ಎಣಿಸಿ. ಅನುಮಾನ ಬಂದರೆ ಹತ್ತು ವರ್ಷ ಬಿಟ್ಟೂ ಮತ್ತೆ ಎಣಿಸಬಹುದು. ಹಳೇ ಆರು ವರ್ಷಕ್ಕೆ ಎಳ್ಳುನೀರು ಬಿಡಿ.

ಬೋಲ್ಟುನಟ್ಟು

ಎಳ್ಳುನೀರು ಬಿಡೋದಕ್ಕೆ ಮುಂಚೆ ಒಂದು ಕಥೆ ಕೇಳಿ.

ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್‌ನಲ್ಲಿ ಹಾಪ್ಕಿನ್ಸ್ ಮರೀನ್ ಸ್ಟೇಷನ್ ಅಂತ ಇದೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. 1931ರಿಂದ 33ರವರೆಗೆ ವಿಲ್ಲಿಸ್ ಹೆವಾಟ್ ಅನ್ನುವ ಸಂಶೋಧನಾ ವಿದ್ಯಾರ್ಥಿ ಅಲ್ಲಿನ ಬಂಡೆ ಮೇಲೆ ದಡದಿಂದ ನೀರಿನವರೆಗೆ ಒಂದು ಗೆರೆ ಎಳೆದ. ಗೆರೆ ಉದ್ದಕ್ಕೂ ಒಂದೊಂದು ಗಜದ ಚೌಕ. ಒಂದೊಂದು ಚೌಕದಲ್ಲೂ ಸಿಕ್ಕ ಪ್ರಾಣಿಗಳನ್ನೆಲ್ಲ ಎಣಿಸಿದ. ಗೆರೆ ತಪ್ಪಬಾರದು ಅಂತ ಬಂಡೆಗೆ ಹಿತ್ತಾಳೆ ಬೋಲ್ಟು ಹೊಡೆದ. ಪ್ರಬಂಧ ಬರೆದ, ಹೋದ.

ಸುಮಾರು 60 ವರ್ಷ ಆ ಗೆರೆ ಹಾಗೇ ಬಿದ್ದಿತ್ತು. 1990ರ ದಶಕದಲ್ಲಿ ಅದೇ ಸ್ಟೇಷನ್ನಿನಲ್ಲಿ ಓದುತ್ತಿದ್ದ ರೇಫ್ ಸಾಗರಿನ್, ಸಾರಾ ಗಿಲ್ಮನ್ ಅನ್ನುವ ಇಬ್ಬರು ಆ ಬೋಲ್ಟುಗಳನ್ನು ಹಿಡಿದು ಮತ್ತೆ ಎಣಿಸಲು ಕೂತರು. ಪಿಎಚ್‌ಡಿ ಕೂಡ ಅಲ್ಲ, ಪದವಿ ವಿದ್ಯಾರ್ಥಿಗಳು. ಜೊತೆಗೆ ಹಿರಿಯರು ಇದ್ದರು. 1995ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 45 ಜಾತಿಯ ಪ್ರಾಣಿಗಳನ್ನು ಹೋಲಿಸಿದ್ದರು. ಬೆಚ್ಚಗಿನ ದಕ್ಷಿಣದ ನೀರಿನ 9 ಜಾತಿಗಳಲ್ಲಿ 8 ಹೆಚ್ಚಾಗಿದ್ದವು. ತಣ್ಣನೆ ಉತ್ತರದ 8ರಲ್ಲಿ 5 ಕಡಿಮೆ ಆಗಿದ್ದವು. ದಡದ ನೀರು ಆ ಅವಧಿಯಲ್ಲಿ ಸರಾಸರಿ 0.75 ಡಿಗ್ರಿ ಬಿಸಿಯಾಗಿತ್ತು.

ಹೆವಾಟ್ ಬಿಸಿ, ತಂಪು ಅಂತ ಏನನ್ನೂ ಹುಡುಕಿ ಹೋದವನಲ್ಲ. ಯಾವ ಪ್ರಾಣಿ ಎಲ್ಲಿ ಕೂತಿದೆ ಅಂತ ನೋಡಲು ಹೋಗಿದ್ದ. ಅವನ ಹತ್ತಿರ ನಿಮ್ಮ ಸ್ಟ್ಯಾಂಡೂ ಇರಲಿಲ್ಲ. ಎಲ್ಲಿ ಎಣಿಸಿದ, ಹೇಗೆ ಎಣಿಸಿದ ಅಂತ ಬರೆದಿಟ್ಟಿದ್ದ. ಅಷ್ಟೇ.

ಕಲ್ಲಪಾಚಿ ಅವರೇ, ಒಂದು ಹಾಳೆಯನ್ನೂ ಎಸೆಯಬೇಡಿ.

ಉಪ್ಪುನೀರು

ಕಥೆ ಚೆನ್ನಾಗಿದೆ ಸರ್. ಆದರೆ ಎರಡೇ ಕ್ಷಣದ ಚಿತ್ರ ಅದು. 1930ರದ್ದು ಒಂದು, 1990ರದ್ದು ಒಂದು. ನಡುವೆ ಏನಾಯಿತು ಅಂತ ಹೇಳುವುದು ಹೇಗೆ? ಬಂಡೆ ತೀರದಲ್ಲಿ ಒಂದೇ ಚಳಿಗಾಲದ ಬಿರುಗಾಳಿ ಇಡೀ ಮಸ್ಸೆಲ್ ಹಾಸನ್ನು ಕಿತ್ತು ಎಸೆಯುತ್ತದೆ.

ಬೋಲ್ಟುನಟ್ಟು

ಅದೇ ಮಾತು ನಾನೂ ಹೇಳ್ತೀನಿ. ಅದಕ್ಕೇ ವರ್ಷ ವರ್ಷ ಹೋಗಬೇಕು. ಇವರ ಕೈಯಲ್ಲಿ ಆರು ವರ್ಷ ಇದೆ, ನೀವು ಎಳ್ಳುನೀರು ಅಂತೀರಿ!

ಬಂಡೆಗುಂಡಿ

ಫೋಟೋ ವಿಷಯಕ್ಕೆ ಬರ್ತೀನಿ. ನಾನು ಹೈಸ್ಕೂಲ್ ಮಕ್ಕಳನ್ನು ಎಣಿಕೆಗೆ ಕರೆದುಕೊಂಡು ಹೋಗುವವಳು. ಎರಡೂ ಮಾಡಿ ನೋಡಿದ್ದೇವೆ. ಫೋಟೋಗೆ ಮೇಲಿನ ಪದರ ಮಾತ್ರ ಕಾಣುತ್ತದೆ. ಪಾಚಿ ಎತ್ತಿದರೆ ಅಡಿಯಲ್ಲಿ ಇನ್ನೊಂದು ಊರೇ ಇರುತ್ತದೆ. ಏಡಿ ಮರಿ, ಸಣ್ಣ ಬಸವನಹುಳು, ಬಂಡೆಗೆ ಬಣ್ಣ ಬಳಿದ ಹಾಗಿರುವ ಗುಲಾಬಿ ಪಾಚಿ. ಒದ್ದೆ ಬಂಡೆ ಬಿಸಿಲಿಗೆ ಹೊಳೆದರೆ ಅರ್ಧ ಫೋಟೋ ಬರೀ ಬೆಳ್ಳಗೆ. ಛತ್ರಿ ಹಿಡಿದು ನೆರಳು ಮಾಡುವ ಕೆಲಸಕ್ಕೇ ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ.

ಇನ್ನು ಬಾರ್ನಕಲ್. ಬದುಕಿದೆಯೋ ಸತ್ತಿದೆಯೋ ಫೋಟೋದಲ್ಲಿ ಹೇಳಿ ನೋಡೋಣ! ಬದುಕಿದ್ದರೆ ಮೇಲಿನ ಬಾಯಿಗೆ ಪುಟ್ಟ ಬಾಗಿಲು ಮುಚ್ಚಿರುತ್ತದೆ, ನಡುವೆ ಸಣ್ಣ ಗೆರೆ. ಸತ್ತಿದ್ದರೆ ಬಾಗಿಲು ಬಿದ್ದುಹೋಗಿ ಬರೀ ಗೋಡೆ ನಿಂತಿರುತ್ತದೆ. ಹತ್ತಿರ ಮುಖ ಇಟ್ಟು ನೋಡಿದರೆ ಒಂದು ಸೆಕೆಂಡಿನ ಕೆಲಸ. ಅಂದ ಹಾಗೆ ಆ ಖಾಲಿ ಗೋಡೆ ಖಾಲಿ ಬೀಳುವುದಿಲ್ಲ. ಸಾಸಿವೆ ಕಾಳಿನಷ್ಟು ಬಸವನಹುಳು, ಲಿಂಪೆಟ್ ಮರಿ ಅದರೊಳಗೆ ಬಾಡಿಗೆಗೆ ಇರುತ್ತವೆ. ನೆನಪಿಟ್ಟುಕೊಳ್ಳಮ್ಮ ಕಲ್ಲಪಾಚಿ, ನಿನ್ನ 40ಕ್ಕೂ 19ಕ್ಕೂ ಇದು ಬೇಕಾದೀತು.

ಫೋಟೋ ಬೇಡ ಅಂತಲ್ಲ. ಎರಡೂ ಇರಲಿ.

ಸುಮ್ನೆ ಓದುಗ

ನಾನು ವಿಜ್ಞಾನದವನಲ್ಲ, ಕಾಮರ್ಸ್. ಕೋಪ ಮಾಡ್ಕೋಬೇಡಿ, ನಿಜವಾಗಿ ಗೊತ್ತಿಲ್ಲದೆ ಕೇಳ್ತಿದ್ದೇನೆ. ಈ ಲಿಂಪೆಟ್ 40 ಇದ್ದರೇನು, 19 ಆದರೇನು? ಆರು ವರ್ಷ ಬೆಳಗಿನ ಜಾವ ಎದ್ದು ಹೋಗಿ ಎಣಿಸುವಂಥದ್ದು ಏನಿದೆ? ಲಿಂಪೆಟ್ ಅಂದರೆ ಏನು ಅಂತಲೂ ಯಾರೂ ಹೇಳಲಿಲ್ಲ.

ಬಂಡೆಗುಂಡಿ

ಒಳ್ಳೇ ಪ್ರಶ್ನೆ ಸರ್. ಲಿಂಪೆಟ್ ಅಂದರೆ ಸುರುಳಿ ಇಲ್ಲದ, ಟೋಪಿ ಆಕಾರದ ಚಿಪ್ಪು ಹೊತ್ತ ಬಸವನಹುಳು. ಹಾದು ಹೋದರೆ ಬಂಡೆ ಮೇಲಿನ ಗಂಟು ಅಂದುಕೊಳ್ತೀರಿ. ನೀರು ಇಳಿದಾಗ ಬಂಡೆಗೆ ಅವಚಿಕೊಂಡು ಕೂರುತ್ತದೆ. ನೀರು ಬಂದಾಗ ಹೊರಟು ಬಂಡೆ ಮೇಲಿನ ಎಳೇ ಪಾಚಿಯನ್ನು ಕೆರೆದು ತಿನ್ನುತ್ತದೆ. ಕೆಲವು ಜಾತಿಯವು ಮೇಯ್ದು ಮುಗಿಸಿ ತಮ್ಮದೇ ಜಾಗಕ್ಕೆ ವಾಪಸ್ ಬರುತ್ತವೆ. ಚಿಪ್ಪಿನ ಅಂಚು ಆ ಜಾಗಕ್ಕೆ ಸರಿಯಾಗಿ ಕೂರುವಂತೆ ಬಂಡೆಯಲ್ಲೇ ಒಂದು ಉಂಗುರದ ಗುರುತು ಬಿದ್ದಿರುತ್ತದೆ.

ಇವು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು 1967ರಲ್ಲಿ ಗೊತ್ತಾಯಿತು. ಆ ವರ್ಷ ಮಾರ್ಚ್‌ನಲ್ಲಿ ಟೋರಿ ಕ್ಯಾನ್ಯನ್ ಅನ್ನುವ ತೈಲದ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಹತ್ತಿರ ಬಂಡೆಗೆ ಬಡಿಯಿತು. ದಡಕ್ಕೆ ಬಂದ ಎಣ್ಣೆ ತೊಳೆಯಲು 10,000 ಟನ್‌ಗೂ ಹೆಚ್ಚು ಮಾರ್ಜಕ ಸುರಿದರು. ಎಣ್ಣೆಗಿಂತ ಆ ಮಾರ್ಜಕವೇ ಜಾಸ್ತಿ ಕೊಂದಿತು. ಲಿಂಪೆಟ್ ಸತ್ತವು. ಮೇಯುವವರು ಇಲ್ಲ ಅಂದಮೇಲೆ ಬಂಡೆಗಳೆಲ್ಲ ಹಸಿರು ಪಾಚಿ. ಅದರ ಬೆನ್ನಿಗೆ ಕಂದು ಪಾಚಿಯ ದಟ್ಟ ಹೊದಿಕೆ. ಅದರಡಿ ಉಳಿದ ಬಾರ್ನಕಲ್ಲೂ ಹೋದವು. ಆಮೇಲೆ ಲಿಂಪೆಟ್ ಮರಿಗಳು ಬಂದವು, ವಿಪರೀತ ಬಂದವು. ಪಾಚಿ ಖಾಲಿ ಮಾಡಿದವು. ತಿನ್ನಲು ಇಲ್ಲದೆ ಸತ್ತವು. ಹೀಗೆ ತೂಗುಯ್ಯಾಲೆ ಆಡಿ ತೀರ ಮೊದಲಿನ ಸ್ಥಿತಿಗೆ ಬರಲು 10ರಿಂದ 15 ವರ್ಷ ಹಿಡಿಯಿತು.

ಗೊಡ್ರೆವಿ ಅನ್ನುವ ಒಂದು ಜಾಗದಲ್ಲಿ ಮಾತ್ರ ಸೀಲ್‌ಗಳಿಗೆ ತೊಂದರೆ ಆಗಬಾರದು ಅಂತ ಮಾರ್ಜಕ ಹಾಕಿರಲಿಲ್ಲ. ಅಲ್ಲಿ ಎಣ್ಣೆ ಬಿದ್ದಿತ್ತು, ಆದರೂ ಎರಡು ಮೂರು ವರ್ಷದಲ್ಲಿ ಸರಿಹೋಯಿತು.

ಎರಡು ವರ್ಷ ನೋಡಿ ನಿಲ್ಲಿಸಿದ್ದರೆ "ಹಸಿರಾಗಿದೆ, ಜೀವ ಬಂತು" ಅಂತ ವರದಿ ಬರೆದು ಮನೆಗೆ ಹೋಗುತ್ತಿದ್ದರು.

ಸುಮ್ನೆ ಓದುಗ

ಅಬ್ಬಾ. ಸರಿ ಮೇಡಂ, ಎಣಿಸಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ.

ಅಂಕಿಸಂಖ್ಯೆ

ತಡವಾಗಿ ಬಂದೆ. ನನ್ನ ಕೆಲಸ ಸ್ಟ್ಯಾಟಿಸ್ಟಿಕ್ಸ್, ಒದ್ದೆ ಆಗುವುದಿಲ್ಲ.

ಕಲ್ಲಪಾಚಿ, ನಿಮ್ಮ ಪ್ರಶ್ನೆಗೆ ಇಲ್ಲಿ ಕೂತು ಉತ್ತರ ಹೇಳಲು ಆಗುವುದಿಲ್ಲ, ಆದರೆ ಬಂಡೆ ಮೇಲೆ ಉತ್ತರ ಸಿಗುತ್ತದೆ. ಹಳೇ ತಂಡದ ಒಬ್ಬರನ್ನಾದರೂ ಹುಡುಕಿ. ಒಂದೇ ಇಳಿತದಲ್ಲಿ, ಒಂದೇ ಚೌಕವನ್ನು ಅವರೂ ಎಣಿಸಲಿ, ನೀವೂ ಎಣಿಸಿ. ಒಬ್ಬರ ಅಂಕಿ ಇನ್ನೊಬ್ಬರಿಗೆ ತೋರಿಸಬಾರದು, ಬಾಯಿ ಬಿಟ್ಟು ಎಣಿಸಲೂ ಬಾರದು. ಅವರಿಗೆ 40 ಬಂದು ನಿಮಗೆ 20 ಬಂದರೆ ಇಳಿದದ್ದು ಕಣ್ಣು. ಇಬ್ಬರಿಗೂ 20 ಬಂದರೆ ಇಳಿದದ್ದು ಲಿಂಪೆಟ್. ನಡುವೆ ಬಂದರೆ ಎರಡೂ ಸ್ವಲ್ಪ ಸ್ವಲ್ಪ, ಎಷ್ಟೆಷ್ಟು ಅಂತ ಲೆಕ್ಕ ಹಾಕಬಹುದು. ನಿಜ ಹೇಳಬೇಕೆಂದರೆ ತಂಡ ಬದಲಾಗುವ ಪ್ರತಿ ಸಲವೂ ಇದನ್ನು ಮಾಡಬೇಕಿತ್ತು. ಹಳಬರು ಹೋಗುವ ಮುಂಚೆ ಒಂದು ಸಲವಾದರೂ ಹೊಸಬರ ಜೊತೆ ಎಣಿಸಬೇಕು.

ಮೂರು ಪ್ರಶ್ನೆ. ಲಿಂಪೆಟ್ ಅಳತೆ ಬರೆದಿದ್ದಾರಾ, ಬರೀ ಸಂಖ್ಯೆಯಾ? ಇಲ್ಲದ ಜಾತಿಗೆ ಸೊನ್ನೆ ಬರೆದಿದ್ದಾರಾ, ಖಾಲಿ ಬಿಟ್ಟಿದ್ದಾರಾ? ಕುಸಿತ ಹನ್ನೆರಡೂ ಚೌಕದಲ್ಲಿ ಒಂದೇ ಥರ ಇದೆಯಾ?

ಎರಡನೆಯದು ಚಿಲ್ಲರೆ ವಿಷಯ ಅಂದುಕೊಳ್ಳಬೇಡಿ. ಖಾಲಿ ಮನೆ ಅಂದರೆ ಎರಡು ಅರ್ಥ: ನೋಡಿದೆ, ಇರಲಿಲ್ಲ, ಅಥವಾ ನೋಡಲೇ ಇಲ್ಲ. ಐದು ವರ್ಷ ಬಿಟ್ಟು ಓದುವವನಿಗೆ ಎರಡೂ ಒಂದೇ ಥರ ಕಾಣುತ್ತದೆ.

ಉಪ್ಪುನೀರು

ಇದಕ್ಕೆ ನನ್ನ ಒಪ್ಪಿಗೆ ಇದೆ. ಆದರೂ ಕೇಳ್ತೀನಿ: ಹೊಸ ಹುಡುಗರ ಕಣ್ಣನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಅಂಕಿಸಂಖ್ಯೆ

ತಜ್ಞರ ಕಣ್ಣನ್ನು ಎಷ್ಟು ನಂಬುತ್ತೀರೋ ಅದಕ್ಕಿಂತ ತುಸು ಕಡಿಮೆ. ಹವಾಯಿಯಲ್ಲಿ ಶಾಲಾ ವಿದ್ಯಾರ್ಥಿಗಳು ಬಂಡೆ ತೀರ ಎಣಿಸುವ ಒಂದು ಕಾರ್ಯಕ್ರಮ ಇದೆ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಅಂಕಿಯನ್ನು ತಜ್ಞರ ಅಂಕಿ ಜೊತೆ ಇಟ್ಟು ನೋಡಿದರು. ಅಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ತಜ್ಞ ತಜ್ಞರ ನಡುವೆ ಎಷ್ಟು ವ್ಯತ್ಯಾಸ ಬರುತ್ತದೆ ಅಂತಲೂ ಅಳೆದರು. ಬಂತು. ನಾವು ಸಾಮಾನ್ಯವಾಗಿ ಮಕ್ಕಳನ್ನು ಮಾತ್ರ ಪರೀಕ್ಷೆಗೆ ಕೂರಿಸುತ್ತೇವೆ ಅಲ್ವಾ?

ಬಂಡೆಗುಂಡಿ

ಕ್ಯಾಲಿಫೋರ್ನಿಯಾದಲ್ಲಿ ಲಿಂಪೆಟ್ಸ್ ಅಂತಲೇ ಹೆಸರಿನ ಕಾರ್ಯಕ್ರಮ ಇದೆ, ಶಾಲೆ ಕಾಲೇಜಿನ ಮಕ್ಕಳದ್ದು. ಅದರ ಬೇರು 1970ರ ದಶಕದಲ್ಲಿ ಜಾನ್ ಪಿಯರ್ಸ್ ಅನ್ನುವ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಜೊತೆ ಶುರು ಮಾಡಿದ ಎಣಿಕೆಯಲ್ಲಿದೆ.

ನಾನು ಮಕ್ಕಳಿಗೆ ಕಲಿಸಿದ ಒಂದೇ ಪಾಠ: ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತ ಬರಿ. ದೊಡ್ಡವರಿಗೆ ಇದು ಕಷ್ಟ. ಹದಿಮೂರು ವರ್ಷದವರು ಮುಲಾಜಿಲ್ಲದೆ ಬರೆಯುತ್ತಾರೆ. ನೂರು ಬಿಂದುವಿನ ಚೌಕಟ್ಟು ಬಳಸುತ್ತೇವೆ. ಉದ್ದಕ್ಕೆ ಹತ್ತು ದಾರ, ಅಡ್ಡಕ್ಕೆ ಹತ್ತು ದಾರ. ದಾರ ದಾರ ಕೂಡುವ ಕಡೆ ಅಡಿಯಲ್ಲಿ ಏನಿದೆ ಅಂತ ಹೇಳಿದರೆ ಸಾಕು. ಪಾಚಿ ಎಷ್ಟು ಪಾಲು ಹರಡಿದೆ ಅಂತ ಅಂದಾಜು ಹಾಕುವ ಗೋಳೇ ಇಲ್ಲ. ಅಂದಾಜಿನಲ್ಲಿ ಒಬ್ಬರ 30 ಇನ್ನೊಬ್ಬರ 60. ದಾರದ ಲೆಕ್ಕದಲ್ಲಿ ಅಷ್ಟು ಜಗಳ ಬರುವುದಿಲ್ಲ.

ಕಲ್ಲಪಾಚಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಪೂರ್ತಿ ನೋಟ್‌ಬುಕ್ಕಿನ ಮುಂದೆ ಕೂತಿದ್ದೆ.

ಅಂಕಿಸಂಖ್ಯೆ ಸರ್, ಮೊದಲ ಮೂರು ವರ್ಷದ ಹಾಳೆಯಲ್ಲಿ ಲಿಂಪೆಟ್‌ಗೆ ಎರಡು ಕಾಲಂ ಇದೆ! "ದೊಡ್ಡ" ಒಂದು, "ಸಣ್ಣ" ಒಂದು. ಪೆನ್ಸಿಲ್‌ನಲ್ಲಿ ಗೆರೆ ಹಾಕಿದ ಹಾಳೆ. ನಾಲ್ಕನೇ ವರ್ಷದಿಂದ ಹೊಸ ಪ್ರಿಂಟೆಡ್ ಫಾರಂ ಬಂದಿದೆ. ಅದರಲ್ಲಿ "ಲಿಂಪೆಟ್" ಅಂತ ಒಂದೇ ಕಾಲಂ. ಕಂಪ್ಯೂಟರ್‌ಗೆ ಹಾಕುವಾಗ ಹಳೇ ಎರಡೂ ಕಾಲಂ ಕೂಡಿಸಿ ಹಾಕಿದ್ದಾರೆ. ನಾನು ಇದುವರೆಗೆ ನೋಡಿದ್ದು ಕಂಪ್ಯೂಟರ್ ಫೈಲ್ ಮಾತ್ರ. ನಾಚಿಕೆ ಆಗ್ತಿದೆ.

ಕಾಲಂ ಬಿಡಿಸಿ ನೋಡಿದರೆ ಮೊದಲ ವರ್ಷಗಳ 40ರಲ್ಲಿ ದೊಡ್ಡವು 21, ಸಣ್ಣವು 19. ನಾಲ್ಕನೇ ವರ್ಷದ ಒಟ್ಟು 19.

ಸೊನ್ನೆ ವಿಷಯ ಕೇಳಬೇಡಿ. ಅರ್ಧ ಖಾಲಿ, ಅರ್ಧ ಅಡ್ಡಗೆರೆ, ಒಂದು ಕಡೆ ನಗುವ ಮುಖ ಬಿಡಿಸಿದ್ದಾರೆ.

ಬೋಲ್ಟುನಟ್ಟು

ನಗುವ ಮುಖ! ಹೆವಾಟ್ ಕೂಡ ಅದೊಂದನ್ನು ಬರೆದಿರಲಿಲ್ಲ ಅನ್ಸುತ್ತೆ.

ಆದರೆ ಈಗಲೇ ಕುಣಿಯಬೇಡಿ. ಹೊಸ ತಂಡ ಸಣ್ಣವನ್ನು ಬಿಟ್ಟಿತ್ತು ಅಂತ ನಿಮ್ಮ ಊಹೆ. ಸಣ್ಣವು ನಿಜಕ್ಕೂ ಸತ್ತು ದೊಡ್ಡವು ಉಳಿದಿದ್ದರೂ ಇದೇ ಅಂಕಿ ಬರುತ್ತದೆ. ಮರಿಗಳು ಬಿಸಿಗೆ, ಒಣಗುವುದಕ್ಕೆ ಬೇಗ ಸಾಯುತ್ತವೆ. ಅಂಕಿಸಂಖ್ಯೆ ಹೇಳಿದ ಹಾಗೆ ಹಳಬರನ್ನು ಕರೆಸಿ ಬಂಡೆಗೆ ಹೋಗಿ.

ಉಪ್ಪುನೀರು

ಅದು ಸರಿ. 2021ರ ಜೂನ್ ಕೊನೆಯಲ್ಲಿ ಉತ್ತರ ಅಮೆರಿಕದ ವಾಯವ್ಯ ತೀರದಲ್ಲಿ ಬಂದ ಬಿಸಿಗಾಳಿ ನೆನಪಿದೆಯಾ? ನೀರು ಇಳಿದದ್ದೂ ನಡುಮಧ್ಯಾಹ್ನದ ಬಿಸಿಲಿನ ಹೊತ್ತಿಗೆ. ಬಂಡೆ ಮೈ 50 ಡಿಗ್ರಿ ದಾಟಿತ್ತು. ಮಸ್ಸೆಲ್‌ಗಳು ಬಾಯಿ ತೆರೆದು ಸತ್ತು ಬಿದ್ದಿದ್ದವು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರಿಸ್ ಹಾರ್ಲಿ ಆ ಸುತ್ತಿನ ತೀರದಲ್ಲಿ 100 ಕೋಟಿಗೂ ಹೆಚ್ಚು ಪ್ರಾಣಿ ಸತ್ತಿರಬೇಕು ಅಂತ ಅಂದಾಜು ಮಾಡಿದರು. ಅದೇ ದಿನ ನೆರಳಿನ ಬದಿಯಲ್ಲಿದ್ದವು ಬದುಕಿದ್ದವು. ಅದೇ ಬಂಡೆ, ಇನ್ನೊಂದು ಮಗ್ಗುಲು.

ಹಾಗಾಗಿ ನಿಮ್ಮ ಚೌಕ ಯಾವ ಕಡೆ ಮುಖ ಮಾಡಿದೆ, ಎಷ್ಟು ಎತ್ತರದಲ್ಲಿದೆ ಅಂತಲೂ ಬರೆಯಿರಿ. ಸಾಧ್ಯ ಆದರೆ ತಾಪಮಾನ ದಾಖಲಿಸುವ ಸಣ್ಣ ಉಪಕರಣ ಒಂದೆರಡು ಅಂಟಿಸಿ. ಗಾಳಿಯ ಉಷ್ಣತೆ ಪ್ರಾಣಿಯ ಮೈ ಉಷ್ಣತೆ ಅಲ್ಲ. ಬ್ರಯನ್ ಹೆಲ್ಮತ್ ಅನ್ನುವವರು ಮಸ್ಸೆಲ್ ಚಿಪ್ಪಿನ ಥರವೇ ಬಿಸಿಯಾಗುವ ನಕಲಿ ಮಸ್ಸೆಲ್ ಮಾಡಿ ಬಂಡೆಗೆ ಕೂರಿಸಿದ್ದು ಇದೇ ಕಾರಣಕ್ಕೆ.

ನೋಡಿ, ನಾನೇ ನಿಮ್ಮ ಹಳೇ ಫೈಲಿಗೆ ಕೆಲಸ ಹುಡುಕಿ ಕೊಡ್ತಿದ್ದೇನೆ.

ಸುಮ್ನೆ ಓದುಗ

ಇನ್ನೊಂದು ಪೆದ್ದ ಪ್ರಶ್ನೆ. ಸಮುದ್ರ ಅಷ್ಟು ದೊಡ್ಡದಿದೆ. ಎಲ್ಲರೂ ಈ ಬಂಡೆ ತುಂಡಿನ ಹಿಂದೆಯೇ ಯಾಕೆ ಬಿದ್ದಿದ್ದೀರಿ?

ಬೋಲ್ಟುನಟ್ಟು

ಹಡಗು ಬೇಡ, ಈಜು ಬೇಡ, ರಬ್ಬರ್ ಬೂಟು ಸಾಕು. ಪ್ರಾಣಿಗಳು ಓಡಿಹೋಗುವುದಿಲ್ಲ. ಇವತ್ತು ನೋಡಿದ ಬಾರ್ನಕಲ್ ಮುಂದಿನ ತಿಂಗಳೂ ಅಲ್ಲೇ ಇರುತ್ತದೆ, ಇಲ್ಲದಿದ್ದರೆ ಸತ್ತಿದೆ. ಇಷ್ಟು ನೇರವಾಗಿ ಲೆಕ್ಕ ಕೊಡುವ ಪ್ರಾಣಿ ಕಾಡಲ್ಲಿ ಸಿಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ನಾಲ್ಕು ಹೆಜ್ಜೆ ಹತ್ತಿದರೆ ಸದಾ ಒದ್ದೆ ಇರುವ ಜಾಗದಿಂದ ಸದಾ ಒಣಗುವ ಜಾಗಕ್ಕೆ ಬರುತ್ತೀರಿ. ಪ್ರಾಣಿಗಳು ಪಟ್ಟೆ ಪಟ್ಟೆಯಾಗಿ ಕೂತಿರುತ್ತವೆ.

ಆ ಪಟ್ಟೆ ಯಾಕೆ ಅಂತ ಹುಡುಕಿದವರೂ ಆಗ ಎಳೆಯರೇ. ಜೋಸೆಫ್ ಕಾನಲ್ ಸ್ಕಾಟ್ಲೆಂಡಿನ ಕಂಬ್ರೆ ದ್ವೀಪದಲ್ಲಿ ಎರಡು ಜಾತಿ ಬಾರ್ನಕಲ್ ನೋಡುತ್ತಾ ಕೂತರು. ಒಂದು ಜಾತಿ ಮೇಲೆ ಮಾತ್ರ ಇತ್ತು. ಒಂದೊಂದು ಬಾರ್ನಕಲ್ಲಿನ ಜಾಗ ಗುರುತು ಹಾಕಿಕೊಂಡು ಮತ್ತೆ ಮತ್ತೆ ಹೋಗಿ ನೋಡಿದರು. ಮೇಲಿನ ಜಾತಿ ಕೆಳಗೂ ಬದುಕಬಲ್ಲದು. ಆದರೆ ಕೆಳಗಿನ ದೊಡ್ಡ ಜಾತಿ ಬೆಳೆಯುತ್ತಾ ಅದನ್ನು ಅದುಮಿ, ಅಡಿಯಿಂದ ಎಬ್ಬಿಸಿ ಸಾಯಿಸುತ್ತಿತ್ತು. 1961ರಲ್ಲಿ ಪ್ರಕಟವಾಯಿತು. ಇವತ್ತಿಗೂ ಪಠ್ಯದಲ್ಲಿದೆ.

ರಾಬರ್ಟ್ ಪೇನ್ 1963ರಲ್ಲಿ ವಾಷಿಂಗ್ಟನ್ ರಾಜ್ಯದ ಮಕಾ ಕೊಲ್ಲಿಯ ಬಂಡೆಯಿಂದ ನಕ್ಷತ್ರ ಮೀನುಗಳನ್ನು ಹಾರೆಯಲ್ಲಿ ಎಬ್ಬಿಸಿ ಎಬ್ಬಿಸಿ ಸಮುದ್ರಕ್ಕೆ ಎಸೆಯಲು ಶುರು ಮಾಡಿದಾಗ ಅವರಿಗೆ ಮೂವತ್ತು ವರ್ಷ. ನಕ್ಷತ್ರ ಮೀನು ಹೋದಮೇಲೆ ಮಸ್ಸೆಲ್ ಎಲ್ಲವನ್ನೂ ಒತ್ತರಿಸಿಕೊಂಡು ಬಂತು. 15 ಜಾತಿ ಇದ್ದ ಕಡೆ 8 ಉಳಿದವು. ಆಮೇಲೆ ಟಟೂಷ್ ದ್ವೀಪದಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು. ಒಂದು ಪ್ರಾಣಿ ತೆಗೆದರೆ ಇಡೀ ಮನೆ ಕುಸಿಯಬಹುದು ಅನ್ನುವ ಮಾತು ಅಲ್ಲಿಂದ ಬಂದದ್ದು.

ಬಂಡೆಗುಂಡಿ

ಅದೇ ನಕ್ಷತ್ರ ಮೀನುಗಳು 2013ರಿಂದ ರೋಗ ಬಂದು ಆ ಇಡೀ ತೀರದಲ್ಲಿ ಕರಗಿ ಕರಗಿ ಸತ್ತವು, ಇಪ್ಪತ್ತಕ್ಕೂ ಹೆಚ್ಚು ಜಾತಿ. ಪೇನ್ ಕೈಯಲ್ಲಿ ಮಾಡಿದ್ದನ್ನು ರೋಗ ಸಾವಿರಾರು ಕಿಲೋಮೀಟರ್ ಉದ್ದಕ್ಕೆ ಮಾಡಿತು. ಎಷ್ಟು ಸತ್ತವು ಅಂತ ಹೇಳಲು ಆದದ್ದು ಮೊದಲು ಎಷ್ಟಿದ್ದವು ಅಂತ ಎಣಿಸಿಟ್ಟವರು ಇದ್ದದ್ದರಿಂದ. ಕಾರಣ ಸಿಗಲು ಹನ್ನೆರಡು ವರ್ಷ ಬೇಕಾಯಿತು. ಸೂರ್ಯಕಾಂತಿ ನಕ್ಷತ್ರ ಮೀನಿನಲ್ಲಿ ಒಂದು ವಿಬ್ರಿಯೊ ಬ್ಯಾಕ್ಟೀರಿಯಾ ಅಂತ 2025ರಲ್ಲಿ ಗೊತ್ತಾಯಿತು.

ಅದಿರಲಿ, 7ನೇ ಚೌಕದ ಬೋಲ್ಟಿನ ಕಥೆ ಏನಾಯಿತು?

ಕಲ್ಲಪಾಚಿ

ಅಕ್ಕಾ, ಅದಕ್ಕೂ ಉಪಾಯ ಹೇಳಿ. ಜಿಪಿಎಸ್ ಅಂಕಿ ಇದೆ, ಆದರೆ ಫೋನಿನ ಜಿಪಿಎಸ್ ಹಿಡಿದು ಹೋದರೆ ಒಂದು ಸಲ ನೀರಲ್ಲಿ ನಿಲ್ಲಿಸುತ್ತೆ, ಒಂದು ಸಲ ಬಂಡೆ ಹಿಂದೆ.

ಬೋಲ್ಟುನಟ್ಟು

ಜಿಪಿಎಸ್ ನಿಮ್ಮನ್ನು ಬಂಡೆವರೆಗೆ ಕರೆದುಕೊಂಡು ಹೋಗುತ್ತೆ, ಚೌಕದವರೆಗೆ ಅಲ್ಲ. ಹಳೇ ಫೋಟೋ ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಪ್ರಾಣಿ ನೋಡಬೇಡಿ, ಕಲ್ಲು ನೋಡಿ. ಬಿರುಕು, ಬಿಳಿ ಗೆರೆ, ಗುಂಡಿಯ ಅಂಚು. ಅವು ಬದಲಾಗುವುದಿಲ್ಲ. ಎರಡು ಬಿರುಕು ಕೂಡುವ ಜಾಗ ಸಿಕ್ಕರೆ ಅಲ್ಲಿಂದ ಟೇಪ್ ಹಿಡಿಯಬಹುದು. ಅಕ್ಕಪಕ್ಕದ 6 ಮತ್ತು 8ನೇ ಚೌಕದ ಬೋಲ್ಟಿನಿಂದ ದೂರ ಬರೆದಿದ್ದಾರಾ ನೋಡಿ. ಮತ್ತೆ, ಬೋಲ್ಟು ಹೋಗಿದೆ ಅಂತ ಅಷ್ಟು ಬೇಗ ತೀರ್ಮಾನ ಮಾಡಬೇಡಿ. ಸ್ಟೀಲಿನ ಬೋಲ್ಟು, ಎಪಾಕ್ಸಿ ಅಂಟು ಸರಿಯಾಗಿ ಹಾಕಿದ್ದರೆ, ಆರು ವರ್ಷಕ್ಕೆ ಹೋಗುವುದಿಲ್ಲ. ಮುಚ್ಚಿಹೋಗುತ್ತದೆ. ಹಲ್ಲುಜ್ಜುವ ಬ್ರಷ್ಷು, ಮೆಟಲ್ ಡಿಟೆಕ್ಟರ್ ಸಿಕ್ಕರೆ ಅದೂ ಇರಲಿ.

ಇಳಿತಕ್ಕೆ ಎರಡು ಗಂಟೆ ಮುಂಚೆ ಹೋಗಿ. ಇಳಿಯುವ ನೀರಿನ ಹಿಂದೆಯೇ ಕೆಳಗೆ ಹೋಗಿ, ತಳದ ಚೌಕ ಮುಗಿಸಿ, ನೀರು ತಿರುಗಿದ ತಕ್ಷಣ ಮೇಲೆ ಬನ್ನಿ. ಒಬ್ಬರು ಎಣಿಸುವಾಗ ಒಬ್ಬರು ಸಮುದ್ರ ನೋಡುತ್ತಾ ನಿಲ್ಲಬೇಕು. ಸಮುದ್ರಕ್ಕೆ ಬೆನ್ನು ಕೊಟ್ಟು ಕೂತು ನಾನೊಂದು ಸಲ ಮೊಣಕೈ ಮುರಿದುಕೊಂಡಿದ್ದೇನೆ, ನೋಟ್‌ಬುಕ್ಕೂ ಹೋಯಿತು. ಮೊಣಕೈ ಕೂಡಿತು.

ಕಲ್ಲಪಾಚಿ (ಮೂರು ವಾರ ಬಿಟ್ಟು)

ಹೋಗಿ ಬಂದೆವು!

ಹಳೇ ತಂಡದ ಒಬ್ಬ ಅಕ್ಕ ಸಿಕ್ಕರು. ಫೋನ್ ಮಾಡಿದ್ದೇ ತಡ, ಬರ್ತೀನಿ ಅಂದರು. ಹುಣ್ಣಿಮೆ ಕಳೆದ ಮಾರನೇ ದಿನ, ಬೆಳಗಿನ ಐದೂವರೆಗೆ ನೀರು ಪೂರಾ ಕೆಳಗೆ. ತಲೆಗೆ ಟಾರ್ಚು ಕಟ್ಟಿಕೊಂಡು ಶುರು ಮಾಡಿದೆವು. ಎಂಟು ಚೌಕ, ಇಬ್ಬರೂ ಬೇರೆ ಬೇರೆ. ಮೊದಲು ಅವರು ಎಣಿಸುವಾಗ ನಾನು ಆ ಕಡೆ ತಿರುಗಿ ನಿಂತೆ, ಆಮೇಲೆ ನಾನು.

ಅವರ ಸರಾಸರಿ 38. ನನ್ನದು 20.

ಅವರು ಎಣಿಸುವುದನ್ನು ಆಮೇಲೆ ಪಕ್ಕದಲ್ಲಿ ಕೂತು ನೋಡಿದೆ. ಮೊಣಕಾಲೂರಿ, ಕೆನ್ನೆ ಬಂಡೆಗೆ ತಾಗುವಷ್ಟು ಬಗ್ಗಿ, ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಹಿಡಿದರು. ಪಕ್ಕದ ಬೆಳಕಿಗೆ ಪ್ರತಿ ಗಂಟಿಗೂ ನೆರಳು ಬೀಳುತ್ತದೆ. ಬಿರುಕಿನಲ್ಲಿ ಸಾಲಾಗಿ ಕೂತ ಮರಿಗಳು ಆಗ ಕಂಡವು. ಬಂಡೆಗುಂಡಿ ಅಕ್ಕ ಹೇಳಿದ ಹಾಗೆ ಸತ್ತ ಬಾರ್ನಕಲ್ ಗೋಡೆಯ ಒಳಗೂ ಇದ್ದವು. ಒಂದರಲ್ಲಿ ಮೂರು. ನಾವು ಎರಡು ವರ್ಷದಿಂದ ಅವುಗಳ ಮೇಲೆ ಚೌಕಟ್ಟು ಇಟ್ಟು ಎದ್ದು ಬಂದಿದ್ದೆವು. ಅದೇ ಥರ ಬಗ್ಗಿ ನಾನು ಮತ್ತೆ ಎಣಿಸಿದೆ, 35 ಬಂತು.

ಅಂದರೆ ಮೆಟ್ಟಿಲು ಬಹುಪಾಲು ಫಾರಂನದ್ದು. ಬಿಸಿ ಸಮುದ್ರದ ಪ್ಯಾರಾ ಅಳಿಸಿದೆ. ಹಿರಿಯರಿಗೆ ಹೇಳಿದಾಗ ಅವರ ಮುಖ ಸ್ವಲ್ಪ ಸಪ್ಪೆ ಆಯಿತು, ಆದರೆ ಒಪ್ಪಿದರು.

ಅಂಕಿಸಂಖ್ಯೆ ಸರ್ ಅವರ ಮೂರನೇ ಪ್ರಶ್ನೆಯಲ್ಲಿ ಮಾತ್ರ ಒಂದು ಗಂಟು ಉಳಿದಿದೆ. ದೊಡ್ಡ ಲಿಂಪೆಟ್ ಮಾತ್ರ ತೆಗೆದುಕೊಂಡು ಚೌಕ ಚೌಕ ಬಿಡಿಸಿ ನೋಡಿದರೆ ಹತ್ತು ಚೌಕ ಆರು ವರ್ಷದಿಂದ ಅಲುಗಾಡಿಲ್ಲ. ಎಲ್ಲಕ್ಕಿಂತ ಮೇಲಿರುವ 1 ಮತ್ತು 2ರಲ್ಲಿ ಐದನೇ ವರ್ಷದಿಂದ ಕಮ್ಮಿ ಆಗ್ತಾ ಇವೆ. ಈ ಸಲ ಅಕ್ಕ ಎಣಿಸಿದಾಗಲೂ ಕಮ್ಮಿ. ದೊಡ್ಡ ಮೆಟ್ಟಿಲಿನ ಗಲಾಟೆಯಲ್ಲಿ ಇದು ಕಂಡೇ ಇರಲಿಲ್ಲ.

ಉಪ್ಪುನೀರು

1 ಮತ್ತು 2 ಯಾವ ಕಡೆ ಮುಖ?

ಕಲ್ಲಪಾಚಿ

2 ಪಶ್ಚಿಮಕ್ಕೆ, 1 ಮೇಲ್ಮುಖ. ಎರಡಕ್ಕೂ ಮಧ್ಯಾಹ್ನದ ಬಿಸಿಲು. ಹಾಂ, ಗೊತ್ತು, ಏನೂ ಹೇಳಲ್ಲ. ತಾಪಮಾನದ ಉಪಕರಣ ಎರಡು ಅಂಟಿಸಿ ಬಂದೆ. ಮುಂದಿನ ವರ್ಷ ಮಾತಾಡೋಣ.

ಅಂಕಿಸಂಖ್ಯೆ

ಎರಡು ಚೌಕ, ಎರಡು ವರ್ಷ. ಹೌದು, ಏನೂ ಹೇಳಬೇಡಿ. ಹೊಸ ಫಾರಂ ಹಾಕುತ್ತಿದ್ದರೆ "ಸಣ್ಣ" ಅಂದರೆ ಎಷ್ಟು ಮಿಲಿಮೀಟರ್ ಅಂತ ಅದರಲ್ಲೇ ಅಚ್ಚು ಹಾಕಿಸಿ. ಟಾರ್ಚು ಹೇಗೆ ಹಿಡಿಯಬೇಕು ಅಂತಲೂ.

ಬೋಲ್ಟುನಟ್ಟು

7ನೇ ಚೌಕ?

ಕಲ್ಲಪಾಚಿ

ಸಿಕ್ಕಿತು ಸರ್! ನೀವು ಹೇಳಿದ ಹಾಗೆ ಫೋಟೋದ ಬಿರುಕು ಹಿಡಿದು ಹೋದೆವು. ನಾವು ಕಳೆದ ಸಲ ಅಂದಾಜಿನಲ್ಲಿ ಇಟ್ಟ ಜಾಗಕ್ಕಿಂತ ಮುಕ್ಕಾಲು ಮೀಟರ್ ಆಚೆ ಇತ್ತು. ಕಳೆದ ಸಲದ 7ನೇ ಚೌಕದ ಅಂಕಿಯ ಮೇಲೆ "ಬೇರೆ ಜಾಗ" ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಅಳಿಸಿಲ್ಲ. ಮೂರು ಬೋಲ್ಟಿನ ಮೇಲೆ ಗುಲಾಬಿ ಪಾಚಿ ಗಾರೆ ಮೆತ್ತಿದ ಹಾಗೆ ಬೆಳೆದಿತ್ತು. ಬ್ರಷ್ಷಿನಿಂದ ಉಜ್ಜಿದಾಗ ಷಟ್ಕೋನದ ತಲೆ ಕಂಡಿತು. ಇಬ್ಬರೂ ಕಿರುಚಿದೆವು.

ನಾಲ್ಕನೆಯದರ ಮೇಲೆ ಒಂದು ದೊಡ್ಡ ಲಿಂಪೆಟ್ ಕೂತಿತ್ತು, ಸರಿಯಾಗಿ ಬೋಲ್ಟಿನ ತಲೆ ಮೇಲೆ. ಚೌಕದ ಮೂಲೆ ಅದರ ಹೊಟ್ಟೆ ಕೆಳಗೆ. ಅದು ಲೆಕ್ಕಕ್ಕೆ ಬರುತ್ತಾ ಇಲ್ವಾ ಅಂತ ನನಗೂ ಅಕ್ಕನಿಗೂ ನೀರು ತಿರುಗುವವರೆಗೆ ಜಗಳ.

ಅಂಕಿಸಂಖ್ಯೆ

ನಿಯಮ ಏನಿದೆ?

ಕಲ್ಲಪಾಚಿ

ಇರಲಿಲ್ಲ. ಅಲ್ಲೇ ಕೂತು ಬರೆದೆವು. ಅರ್ಧಕ್ಕಿಂತ ಜಾಸ್ತಿ ಒಳಗಿದ್ದರೆ ಲೆಕ್ಕಕ್ಕೆ. ದಾರ ಎಳೆದು ನೋಡಿದೆವು, ಅದು ಹೊರಗಿತ್ತು.